ಮಹೇಂದ್ರಲಾಲ್ ಸರ್ಕಾರ್: ಒಂದು ವಿಜ್ಞಾನಸಂಸ್ಥೆಯ ಧನಮೂಲ ಮತ್ತು ಧ್ಯೇಯ

ಕನ್ನಡ ಓದುಗರಿಗೆ ಡಾ. ಮಹೇಂದ್ರಲಾಲ್ ಸರ್ಕಾರ್ ಅವರ ಹೆಸರು ಪರಿಚಿತವಾಗಿರುವುದು ಮುಖ್ಯವಾಗಿ ಶ್ರೀರಾಮಕೃಷ್ಣ ಪರಮಹಂಸರಿಗೆ 1885ರಲ್ಲಿ ಚಿಕಿತ್ಸೆ ನೀಡಿದ ವೈದ್ಯರೆಂದು. ಆದರೆ ಅವರ ಜೀವಮಾನದ ಸಾಧನೆ ಬೇರೆಯದು. ಭಾರತೀಯರ ಹಣದಿಂದ, ಭಾರತೀಯರ ಆಡಳಿತದಲ್ಲಿಯೇ ನಡೆಯುವ ವಿಜ್ಞಾನ ಸಂಶೋಧನ ಸಂಸ್ಥೆಯೊಂದಕ್ಕಾಗಿ ಅವರು ಸುಮಾರು ಮೂವತ್ತೈದು ವರ್ಷ ದುಡಿದರು. ಆ ಸಂಸ್ಥೆಯ ಆರ್ಥಿಕ ಚರಿತ್ರೆಯೇ ಒಂದರ್ಥದಲ್ಲಿ ಅವರ ಜೀವನಚರಿತ್ರೆ.

1833ರಲ್ಲಿ ಬಂಗಾಳದ ಹೌರಾ ಪ್ರದೇಶದ ಪೈಕ್‌ಪಾರಾ ಗ್ರಾಮದಲ್ಲಿ ಜನಿಸಿದ ಮಹೇಂದ್ರಲಾಲರು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವಂದಿರ ಆಶ್ರಯದಲ್ಲಿ ಬೆಳೆದರು. 1863ರಲ್ಲಿ ಕಲ್ಕತ್ತದ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪದವಿ ಪಡೆದರು. 1867ರಲ್ಲಿ ಹೋಮಿಯೋಪತಿಯನ್ನು ಬಹಿರಂಗವಾಗಿ ಸಮರ್ಥಿಸಿದಾಗ ವೃತ್ತಿಬಾಂಧವರ ಬಹಿಷ್ಕಾರಕ್ಕೆ ಗುರಿಯಾದರು. ಮರುವರ್ಷ 'ಕಲ್ಕತ್ತ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯನ್ನು ಆರಂಭಿಸಿ, 1869ರಲ್ಲಿ ಅದರಲ್ಲಿಯೇ ವಿಜ್ಞಾನಸಂಸ್ಥೆಯ ಅಗತ್ಯವನ್ನು ಪ್ರತಿಪಾದಿಸಿದರು.

ಯೋಜನೆಗೆ ಚಂದಾಹಣ ಸಂಗ್ರಹಿಸಲು ಆರು ವರ್ಷಗಳಿಗೂ ಮಿಗಿಲಾದ ಕಾಲ ಹಿಡಿಯಿತು. ಜಮೀನ್ದಾರರು, ವಕೀಲರು, ವೈದ್ಯರು ದಾನಿಗಳಾದರು. ಇದೇ ಸಂದರ್ಭದಲ್ಲಿ, ಹಣವನ್ನು ಶುದ್ಧವಿಜ್ಞಾನಕ್ಕಿಂತ ಉದ್ಯೋಗೋಪಯೋಗಿಯಾದ ತಾಂತ್ರಿಕ ಶಿಕ್ಷಣಕ್ಕೆ ವಿನಿಯೋಗಿಸಬೇಕೆಂಬ ವಾದವನ್ನು ಇಂಡಿಯನ್ ಲೀಗ್ ಮುಂದಿಟ್ಟಿತು. ಬಡದೇಶದಲ್ಲಿ ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಮೂಲಜ್ಞಾನವಿಲ್ಲದ ಕುಶಲತೆ ಪರಾವಲಂಬಿಯಾಗಿಯೇ ಉಳಿಯುತ್ತದೆ ಎಂಬುದು ಮಹೇಂದ್ರಲಾಲರ ನಿಲುವಾಗಿತ್ತು. ಸೇಂಟ್ ಝೇವಿಯರ್ಸ್ ಕಾಲೇಜಿನ ಜೆಸ್ವಿಟ್ ವಿಜ್ಞಾನಿ ಫಾದರ್ ಲಾಫೋಂ ಅವರು ಇದನ್ನು ಬೆಂಬಲಿಸಿದರು. 1876ರ ಜುಲೈ 29ರಂದು 'ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್' ಕಲ್ಕತ್ತದಲ್ಲಿ ಸ್ಥಾಪನೆಗೊಂಡು, ಬೌಬಜಾರ್ ಬೀದಿಯ 210ನೆಯ ಸಂಖ್ಯೆಯ ನಿವೇಶನದಲ್ಲಿ ಕಾರ್ಯಾರಂಭ ಮಾಡಿತು.

ಸಂಸ್ಥೆಗೆ ಕ್ರಮೇಣ ಉಪನ್ಯಾಸಮಂದಿರ ಒದಗಿತು, ಉಪಕರಣಗಳು ಬಂದವು. ವಿಜಯನಗರಂ ಮಹಾರಾಜರ ಔದಾರ್ಯದಿಂದ ಪ್ರಯೋಗಾಲಯವೂ ನಿರ್ಮಾಣವಾಯಿತು. ಆದರೆ ಪೂರ್ಣಾವಧಿ ಸಂಶೋಧಕನಿಗೆ ವೇತನ ನೀಡಬಲ್ಲ ಶಾಶ್ವತ ದತ್ತಿ ಮಾತ್ರ ಕೂಡಿಬರಲಿಲ್ಲ. ಕಟ್ಟಡ ದಾನಿಯ ಹೆಸರನ್ನು ಹೊತ್ತು ನಿಲ್ಲುತ್ತದೆ. ಸಂಶೋಧನೆಯಾದರೋ ಎಂದು ಫಲಿಸೀತೆಂದು ಹೇಳಲಾಗದ ಕಾರ್ಯ. ಧನದ ಒಲವು ಸಹಜವಾಗಿಯೇ ಮೊದಲನೆಯದರ ಕಡೆಗಿತ್ತು. ಪರಿಣಾಮವಾಗಿ ಮಹೇಂದ್ರಲಾಲರು, ಲಾಫೋಂ ಮೊದಲಾದವರು ಬಿಡುವಿನ ವೇಳೆಯಲ್ಲಿ ಸೇವಾಭಾವದಿಂದ ನೀಡಿದ ಉಪನ್ಯಾಸಗಳೇ ಸಂಸ್ಥೆಯ ಮುಖ್ಯ ಕಾರ್ಯಕಲಾಪವಾದವು. ಸಂಶೋಧನೆಗೆಂದು ಹುಟ್ಟಿದ ಸಂಸ್ಥೆ ಬೋಧನೆಯಲ್ಲಿ ನಿಂತಿತು. ಅಂತ್ಯಕಾಲದಲ್ಲಿ ಮಹೇಂದ್ರಲಾಲರು ತಮ್ಮ ಶ್ರಮ ವಿಫಲವಾಯಿತೆಂದೇ ಭಾವಿಸಿದ್ದರು. 1904ರ ಫೆಬ್ರವರಿ 23ರಂದು ಅವರು ನಿಧನರಾದರು.

1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಕ್ಕೆ ಬಂದ ಸಿ.ವಿ. ರಾಮನ್ ಈ ಪ್ರಯೋಗಾಲಯದ ಬಾಗಿಲನ್ನು ತಟ್ಟಿದರು. ಆಗ ಕಾರ್ಯದರ್ಶಿಯಾಗಿದ್ದ, ಮಹೇಂದ್ರಲಾಲರ ಪುತ್ರ ಅಮೃತಲಾಲರು ಅವರನ್ನು ಸಂತೋಷದಿಂದ ಬರಮಾಡಿಕೊಂಡರು. ರಾಮನ್ ಕಛೇರಿಯ ಕೆಲಸಕ್ಕೆ ಮುನ್ನ ಮತ್ತು ಅನಂತರದ ವೇಳೆಯಲ್ಲಿ ಅಲ್ಲಿ ಸಂಶೋಧನೆ ನಡೆಸಿದರು. ಅವರ ಜೀವನೋಪಾಯಕ್ಕೆ ಇಲಾಖೆಯ ಸಂಬಳವೂ 1917ರಿಂದ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠವೂ ಆಧಾರವಾದವು. 1928ರ ಫೆಬ್ರವರಿ 28ರಂದು ಆ ಸಂಸ್ಥೆಯಲ್ಲಿಯೇ ರಾಮನ್ ಪರಿಣಾಮ ಪ್ರಕಟಗೊಂಡಿತು. 1930ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಮಹೇಂದ್ರಲಾಲರ ಜೀವಿತಕಾಲದಲ್ಲಿ ಕೈಗೂಡದ ವೇತನಸಹಿತ ಪೀಠ ಮುಂದೆ ಅವರ ಹೆಸರಿನಲ್ಲಿಯೇ ಸ್ಥಾಪಿತವಾಗಿ, ಕೆ.ಎಸ್. ಕೃಷ್ಣನ್ 1933ರಲ್ಲಿ ಅದನ್ನು ಅಲಂಕರಿಸಿದರು. ಅದೇ ವರ್ಷ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ತೆರಳಿದರು.

ಕೇವಲ ಫಲದಿಂದ ಅಳೆದಾಗ ಮಹೇಂದ್ರಲಾಲರ ನಿರಾಸೆ ಅಕಾಲಿಕವಾದುದೆಂದು ತೋರಬಹುದು. ಆದರೆ ಅವರು ಗುರುತಿಸಿದ್ದ ಕೊರತೆ ನಿಜವಾಗಿತ್ತು. ಬರಿದಾಗಿದ್ದ ಪ್ರಯೋಗಾಲಯಕ್ಕೆ ರಾಮನ್ ಬಂದುದು ಆಕಸ್ಮಿಕ. ಅವರು ಬಂದಾಗ ಪ್ರಯೋಗಾಲಯವೊಂದು ಸಿದ್ಧವಾಗಿದ್ದುದು ಆಕಸ್ಮಿಕವಲ್ಲ. ಸಂಶೋಧನೆಯ ಪೋಷಣೆಯನ್ನು ಕುರಿತು ಚಿಂತಿಸುವವರು ಈ ಎರಡನ್ನೂ ಒಟ್ಟಿಗೆ ಗಮನಿಸಬೇಕಾಗುತ್ತದೆ.