ನಗುವಿನ ಕಾರ್ಖಾನೆ ನಡೆಸಿದ ಪ್ಲಂಬರ್

ಚಾರ್ಲಿ ಚಾಪ್ಲಿನ್ ಯಾರೆಂದು ಗೊತ್ತಿಲ್ಲದವರು ನಮ್ಮ ಕಾಲೇಜಿನಲ್ಲಿ ಸಿಗಲಿಕ್ಕಿಲ್ಲ. ಆದರೆ ಆ ಚಾಪ್ಲಿನ್‌ಗೆ ಕಸುಬು ಕಲಿಸಿದ ಫ್ರೆಡ್ ಕಾರ್ನೊ ಹೆಸರೆತ್ತಿದರೆ ಗೆಳೆಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಚಾಪ್ಲಿನ್ ಆತ್ಮಕಥೆಯಲ್ಲಿ ಸಿಕ್ಕಿದ ಈ ಮನುಷ್ಯ, ಮೆಕ್ಯಾನಿಕಲ್ ಓದುತ್ತಿರುವ ನನ್ನನ್ನು ಸುಮ್ಮನೆ ಬಿಡಲಿಲ್ಲ. ಹುಡುಕಿ ಹುಡುಕಿ ಓದಿದೆ.

ಆತನ ನಿಜವಾದ ಹೆಸರು ಫ್ರೆಡರಿಕ್ ಜಾನ್ ವೆಸ್ಟ್‌ಕಾಟ್. ಹುಟ್ಟಿದ್ದು 1866ರಲ್ಲಿ, ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ. ಬೆಳೆದದ್ದು ನಾಟಿಂಗ್‌ಹ್ಯಾಮ್‌ನಲ್ಲಿ. ಮೊದಲು ಪ್ಲಂಬರ್ ಕೈಕೆಳಗೆ ದುಡಿದ, ಆಮೇಲೆ ಕಸರತ್ತು ಕಲಿತು ಸರ್ಕಸ್ ಸೇರಿದ. 'ಕಾರ್ನೊ' ಎಂಬ ತಂಡ ಬಾರದೇ ಇದ್ದಾಗ ಅವರ ಜಾಗ ತುಂಬಲು ಹೋದ, ಆ ಹೆಸರೇ ಕೊನೆಯವರೆಗೂ ಉಳಿಯಿತು.

ಹಾಡು, ಕುಣಿತ, ಕಸರತ್ತು ಎಲ್ಲವೂ ನಡೆಯುತ್ತಿದ್ದ ಮ್ಯೂಸಿಕ್ ಹಾಲ್‌ಗಳಲ್ಲಿ ಸಂಭಾಷಣೆಯಿರುವ ನಾಟಕ ಆಡಲು ಆಗಿನ ಬ್ರಿಟಿಷ್ ಕಾನೂನಿನ ಅಡ್ಡಿಯಿತ್ತು. ಮಾತಿಲ್ಲದೆ ನಗಿಸುವುದು ಹೇಗೆ? ಕಾರ್ನೊ ಮೈಯಿಂದಲೇ ಮಾತಾಡಿಸಿದ. ಬೀಳುವುದು, ಏಳುವುದು, ತಿರುಗಿ ನೋಡುವುದು, ಎಲ್ಲಕ್ಕೂ ಲೆಕ್ಕ. 1904ರ 'ಮಮ್ಮಿಂಗ್ ಬರ್ಡ್ಸ್' ಪ್ರಹಸನದಲ್ಲಿ ರಂಗದ ಮೇಲೆ ಇನ್ನೊಂದು ರಂಗ. ಅಲ್ಲಿ ನಡೆಯುವ ಕೆಟ್ಟ ಪ್ರದರ್ಶನಕ್ಕೆ ಕುಡುಕ ಶ್ರೀಮಂತನೊಬ್ಬ ಪ್ರೇಕ್ಷಕರ ಬಾಕ್ಸ್‌ನಲ್ಲಿ ಕೂತು ಕೊಡುವ ಕಾಟವೇ ಕಥೆ.

ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಆತನ 'ಫನ್ ಫ್ಯಾಕ್ಟರಿ' ಇತ್ತು. ರಂಗಸಜ್ಜಿಕೆ, ಉಡುಪು, ತಾಲೀಮು ಎಲ್ಲ ಅಲ್ಲೇ. ಅಲ್ಲಿಂದ ಏಕಕಾಲಕ್ಕೆ ಹಲವು ತಂಡಗಳು ಊರೂರಿಗೆ ಹೊರಡುತ್ತಿದ್ದವು. ಒಂದು ತಂಡಕ್ಕೆ ಸರಿಯಾದ ಲಯ ಕೂಡಿಬರಲು ಸುಮಾರು ಆರು ತಿಂಗಳು ಬೇಕಾಗುತ್ತಿತ್ತಂತೆ. ಗೇರ್‌ಬಾಕ್ಸ್‌ನ ಒಂದು ಹಲ್ಲು ಸವೆದರೂ ಸದ್ದು ಬರುವ ಹಾಗೆ, ಒಬ್ಬ ನಟ ಬದಲಾದರೂ ಆಟ ಕುಂಟುತ್ತಿತ್ತು. ನಗುವಿನ ನಡುವೆ ಒಂದು ಚಿಟಿಕೆ ನೋವು ಬೆರೆಸಬೇಕು ಎಂಬುದೂ ಅಲ್ಲಿಯ ಪಾಠ. ಹಾಗೆಂದು ಕಾರ್ನೊ ಮೃದು ಸ್ವಭಾವದವನೇನಲ್ಲ. ನಟ ಹಿಡಿಸದಿದ್ದರೆ ರಂಗದ ಪಕ್ಕದಲ್ಲೇ ನಿಂತು ಬಾಯಲ್ಲಿ ಗೇಲಿಯ ಸದ್ದು ಮಾಡುತ್ತಿದ್ದ.

1908ರಲ್ಲಿ ಅಣ್ಣ ಸಿಡ್ನಿಯ ಶಿಫಾರಸಿನಿಂದ ಬಂದ ಹದಿನೆಂಟರ ಚಾಪ್ಲಿನ್, ಆತನ ಕಣ್ಣಿಗೆ ಬಡಕಲು ಹುಡುಗನಾಗಿಯೇ ಕಂಡ. ಆದರೂ ಎರಡು ವಾರದ ಅವಕಾಶ ಸಿಕ್ಕಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ರೊಬೇಷನ್! 1910ರಲ್ಲಿ ಅಮೆರಿಕಕ್ಕೆ ಹೊರಟ ಕಾರ್ನೊ ತಂಡದಲ್ಲಿ ಚಾಪ್ಲಿನ್ ಇದ್ದ. ಅವನು ಬಾರದಿದ್ದರೆ ಪಾತ್ರ ಮಾಡಲು ಇನ್ನೊಬ್ಬ ಹುಡುಗನಿದ್ದ. ಮುಂದೆ ಲಾರೆಲ್–ಹಾರ್ಡಿ ಜೋಡಿಯಲ್ಲಿ ಹೆಸರಾದ ಸ್ಟಾನ್ ಲಾರೆಲ್ ಅವನೇ. 1913ರ ಕೊನೆಗೆ ಚಾಪ್ಲಿನ್ ಸಿನಿಮಾಕ್ಕೆ ಹೋದ. ಮೂಕಿ ಚಿತ್ರಕ್ಕೆ ಬೇಕಾದ ವಿದ್ಯೆ ಅಷ್ಟರಲ್ಲಾಗಲೇ ಕೈಯಲ್ಲಿತ್ತು.

ಅದೇ 1913ರಲ್ಲಿ ಕಾರ್ನೊ ಥೇಮ್ಸ್ ನದಿಯ ಟ್ಯಾಗ್ಸ್ ದ್ವೀಪದಲ್ಲಿ 'ಕಾರ್ಸಿನೊ' ಎಂಬ ವೈಭವದ ಹೋಟೆಲ್ ತೆರೆದ. ಮರುವರ್ಷವೇ ಮಹಾಯುದ್ಧ. ಯುದ್ಧ ಮುಗಿದ ಮೇಲೆ ಜನ ಸಿನಿಮಾ ಕಡೆಗೆ ವಾಲಿದರು. 1927ರಲ್ಲಿ ಕಾರ್ನೊ ದಿವಾಳಿಯಾದ. ಹಾಲಿವುಡ್‌ಗೆ ಹೋದರೂ ಕಾಲೂರಲಾಗಲಿಲ್ಲ. ಕೊನೆಗೆ ಡಾರ್ಸೆಟ್‌ನ ಲಿಲಿಪುಟ್ ಎಂಬಲ್ಲಿ ಮದ್ಯದಂಗಡಿ ನಡೆಸುತ್ತ 1941ರಲ್ಲಿ ತೀರಿಕೊಂಡ.

ಇನ್ನೂ ಒಂದು ವ್ಯಂಗ್ಯವಿದೆ. ಯುದ್ಧಕಾಲದ ಬ್ರಿಟಿಷ್ ಸೈನಿಕರು ತಮ್ಮನ್ನೇ ಗೇಲಿ ಮಾಡಿಕೊಂಡು 'ಕಾರ್ನೊ ಸೈನ್ಯ' ಎಂದು ಹಾಡಿದರು. ಇಂಗ್ಲಿಷಿನಲ್ಲಿ ಆ ಮಾತು ಅಡ್ಡಾದಿಡ್ಡಿ ತಂಡಕ್ಕೆ ಹೆಸರಾಯಿತು. ಸೆಕೆಂಡಿನ ಲೆಕ್ಕದಲ್ಲಿ ಕೆಲಸ ತೆಗೆದವನ ಹೆಸರಿಗೆ ಸಿಕ್ಕಿದ ಅರ್ಥ ಅದು!

ಪ್ಲೇಸ್‌ಮೆಂಟ್ ಹೊತ್ತಿನಲ್ಲಿ ನಾವು ಒಬ್ಬೊಬ್ಬರನ್ನೂ ಪ್ಯಾಕೇಜಿನಿಂದ ಅಳೆಯುತ್ತೇವೆ. ಆ ಲೆಕ್ಕದಲ್ಲಿ ಕಾರ್ನೊ ಸೋತವನೇ. ಆದರೆ ಮುಂದಿನ ಸಲ ಚಾಪ್ಲಿನ್ ಜಾರಿ ಬೀಳುವುದನ್ನು ನೋಡುವಾಗ ಗಮನಿಸಿ, ಬೀಳುವ ಮುಂಚಿನ ಆ ಅರೆಕ್ಷಣದ ತಡೆ ಇದೆಯಲ್ಲ, ಅದರ ಹಿಂದೆ ಕ್ಯಾಂಬರ್‌ವೆಲ್‌ನ ತಾಲೀಮಿದೆ. ಹೋಟೆಲ್ ಮುಳುಗಿತು, ಕಲಿಸಿದ ಕಸುಬು ಮುಳುಗಲಿಲ್ಲ.