ಸಂಖ್ಯಾಶಾಸ್ತ್ರಾಚಾರ್ಯ ಪ್ರಶಾಂತ ಚಂದ್ರ ಮಹಲನೋಬಿಸ್

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ಹಿರಿಯರ ಅನುಭವ. ಆದರೆ ಸಮಾಜವೆಂಬ ಹಂಡೆಯಲ್ಲಿ ಎಲ್ಲ ಅಗುಳುಗಳೂ ಒಂದೇ ಸಮನಾಗಿ ಬೆಂದಿರುವುದಿಲ್ಲ. ಎಷ್ಟು ಅಗುಳುಗಳನ್ನು, ಯಾವ ಕ್ರಮದಿಂದ ಆರಿಸಿ ನೋಡಿದರೆ ಇಡೀ ಹಂಡೆಯ ಸ್ಥಿತಿ ತಿಳಿದೀತು? ಆ ತಿಳಿವಿನಲ್ಲಿ ತಪ್ಪಿನ ಪಾಲೆಷ್ಟು? ಈ ಪ್ರಶ್ನೆಗಳಿಗೆ ಭಾರತದ ನೆಲದಲ್ಲಿ ಶಾಸ್ತ್ರೀಯ ಉತ್ತರವನ್ನು ಕಂಡುಕೊಂಡ ಮಹನೀಯರು ಪ್ರಶಾಂತ ಚಂದ್ರ ಮಹಲನೋಬಿಸ್.

1893ರ ಜೂನ್ 29ರಂದು ಕಲ್ಕತ್ತೆಯ ಬ್ರಹ್ಮಸಮಾಜದ ಮನೆತನವೊಂದರಲ್ಲಿ ಜನಿಸಿದ ಅವರು ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಅನಂತರ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. ಅವರ ಮುಖ್ಯ ವಿಷಯ ಭೌತಶಾಸ್ತ್ರ. 1915ರಲ್ಲಿ ಸ್ವದೇಶಕ್ಕೆ ಮರಳುವ ಮುನ್ನ ‘ಬಯೋಮೆಟ್ರಿಕಾ’ ಎಂಬ ಪತ್ರಿಕೆಯ ಸಂಪುಟಗಳು ಅವರ ಕಣ್ಣಿಗೆ ಬಿದ್ದವು. ಅವನ್ನು ಕೊಂಡು ಹಡಗಿನಲ್ಲಿಯೇ ಓದತೊಡಗಿದ ತರುಣನಿಗೆ ಜೀವಮಾನದ ಸಾಧನಾಮಾರ್ಗ ಅಲ್ಲಿ ಗೋಚರಿಸಿತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಲೇ ಅವರು ಸಂಖ್ಯಾಶಾಸ್ತ್ರದ ಉಪಾಸನೆಯಲ್ಲಿ ತೊಡಗಿದರು.

ಆ ಶಾಸ್ತ್ರ ಜನಜೀವನಕ್ಕೆ ಎಷ್ಟು ಹತ್ತಿರದ್ದೆಂಬುದನ್ನು ಪ್ರವಾಹಗಳ ಅಧ್ಯಯನ ತೋರಿಸಿಕೊಟ್ಟಿತು. 1926ರಲ್ಲಿ ಒರಿಸ್ಸಾದ ಬ್ರಾಹ್ಮಣೀ ನದಿ ಉಕ್ಕಿ ಹರಿದಾಗ, ನದಿಯ ತಳ ಮೇಲೇರಿದೆ, ಆದ್ದರಿಂದ ದಂಡೆಯ ಒಡ್ಡುಗಳನ್ನು ಎತ್ತರಿಸಬೇಕು ಎಂಬುದು ತಜ್ಞ ಎಂಜಿನಿಯರುಗಳ ಅಭಿಪ್ರಾಯವಾಗಿತ್ತು. ಮಹಲನೋಬಿಸರು ಹಲವು ದಶಕಗಳ ಅಂಕಿ-ಅಂಶಗಳನ್ನು ಪರಿಶೀಲಿಸಿ, ತಳ ಏರಿಲ್ಲವೆಂದು ಸಾಧಿಸಿದರು. ಅನುಭವಿಗಳ ಊಹೆಯೂ ಲೆಕ್ಕದ ಪರೀಕ್ಷೆಗೆ ಒಳಗಾಗಬೇಕೆಂಬ ಪಾಠ ಇದರಲ್ಲಿತ್ತು.

1931ರಲ್ಲಿ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. 1933ರಲ್ಲಿ ‘ಸಂಖ್ಯಾ’ ಪತ್ರಿಕೆಯನ್ನು ಆರಂಭಿಸಿದರು. ಬಂಗಾಳದ ಸೆಣಬಿನ ಬೆಳೆಯ ಅಂದಾಜು ಅವರ ವಿಧಾನಕ್ಕೆ ಒರೆಗಲ್ಲಾಯಿತು. ಪ್ರತಿಯೊಂದು ಹೊಲವನ್ನೂ ಎಣಿಸುವುದು ಅಪಾರ ವೆಚ್ಚದ ಕೆಲಸ. ಹಾಗೆಂದು ರಸ್ತೆಯ ಬದಿಯ ಸುಲಭದ ಹೊಲಗಳನ್ನಷ್ಟೇ ನೋಡಿ ಬಂದರೆ ಫಲಿತಾಂಶ ಸತ್ಯಕ್ಕೆ ದೂರ. ಆದುದರಿಂದ ಆಯ್ಕೆಯು ಎಣಿಸುವವನ ಇಚ್ಛೆಗೂ ಅನುಕೂಲಕ್ಕೂ ಒಳಪಡದೆ ಆಕಸ್ಮಿಕದ ನಿಯಮಕ್ಕೆ ಅಧೀನವಾಗಿರಬೇಕೆಂದು ಅವರು ವಿಧಿಸಿದರು. ದೊಡ್ಡ ಸಮೀಕ್ಷೆಗೆ ಮೊದಲು ಸಣ್ಣ ಪ್ರಾಯೋಗಿಕ ಸಮೀಕ್ಷೆ ನಡೆಸಿ ವೆಚ್ಚವನ್ನೂ ದೋಷವನ್ನೂ ಅಳೆದುಕೊಂಡರು. ಅವರ ಇನ್ನೊಂದು ಉಪಾಯ ಇನ್ನೂ ಸೂಕ್ಷ್ಮವಾದುದು. ಒಂದೇ ಪ್ರದೇಶದಿಂದ ಎರಡು ಸ್ವತಂತ್ರ ಮಾದರಿಗಳನ್ನು ಆರಿಸಿ, ಎರಡು ಬೇರೆ ಬೇರೆ ತಂಡಗಳಿಗೆ ವಹಿಸುವುದು; ಇಬ್ಬರ ಉತ್ತರಗಳಲ್ಲಿ ಬಹಳ ಅಂತರವಿದ್ದರೆ ಎಣಿಕೆಯಲ್ಲಿಯೇ ಕುಂದಿದೆಯೆಂದು ಶಂಕಿಸುವುದು. ಹೀಗೆ ಅಳೆಯುವ ಕೈಯನ್ನೂ ಅಳೆಯುವ ಪ್ರಾಮಾಣಿಕತೆ ಅವರ ವಿಧಾನದ ಜೀವಾಳವಾಯಿತು.

1943ರ ಬಂಗಾಳದ ಭೀಕರ ಕ್ಷಾಮದಲ್ಲಿ ಲಕ್ಷಾಂತರ ಜನ ಅಸುನೀಗಿದರು. ತರುವಾಯ ಮಹಲನೋಬಿಸರು ಸಹೋದ್ಯೋಗಿಗಳೊಡನೆ ಗ್ರಾಮಗಳಲ್ಲಿ ಮಾದರಿ ಸಮೀಕ್ಷೆ ನಡೆಸಿದರು. ಕ್ಷಾಮದ ಪೆಟ್ಟು ಎಲ್ಲರಿಗೂ ಸಮನಾಗಿ ಬಿದ್ದಿರಲಿಲ್ಲ. ಕೃಷಿಕೂಲಿಗಳು, ಬೆಸ್ತರು ಮೊದಲಾದ ದುರ್ಬಲರೇ ಹೆಚ್ಚಾಗಿ ನಲುಗಿದ್ದರು. ಕೇವಲ ಸರಾಸರಿಯನ್ನು ನೋಡಿದವರಿಗೆ ಈ ನೋವು ಕಾಣುತ್ತಿರಲಿಲ್ಲ.

ಸ್ವಾತಂತ್ರ್ಯಾನಂತರ 1950ರಲ್ಲಿ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಬಡವರು ಏನನ್ನು ಉಣ್ಣುತ್ತಾರೆ, ಎಷ್ಟು ವ್ಯಯಿಸುತ್ತಾರೆ ಎಂಬುದು ದೇಶಕ್ಕೆ ತಿಳಿಯುವ ದಾರಿ ತೆರೆಯಿತು. 1956ರಲ್ಲಿ ಮೊದಲಾದ ಎರಡನೆಯ ಪಂಚವಾರ್ಷಿಕ ಯೋಜನೆಗೆ ಅವರ ಗಣಿತ ಆಧಾರವಾಯಿತು. ಭಾರಿ ಕೈಗಾರಿಕೆಗೆ ಪ್ರಾಶಸ್ತ್ಯವಿತ್ತ ಆ ಯೋಜನೆ ಕೃಷಿಯನ್ನು ಹಿಂದಿಕ್ಕಿತೆಂಬ ಟೀಕೆಯೂ ಬಂದಿತು. ಅಂಕಿಗಳು ದಾರಿಯನ್ನು ಬೆಳಗಬಲ್ಲವು. ಗುರಿಯನ್ನು ಆರಿಸುವ ಹೊಣೆ ಮನುಷ್ಯನದೇ.

1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವೂ 1968ರಲ್ಲಿ ಪದ್ಮವಿಭೂಷಣವೂ ಅವರನ್ನು ಅರಸಿ ಬಂದವು. 1972ರ ಜೂನ್ 28ರಂದು, 79 ವರ್ಷ ತುಂಬಲು ಒಂದು ದಿನವಿರುವಾಗ, ಅವರು ಇಹಲೋಕವನ್ನು ತ್ಯಜಿಸಿದರು. 2007ರಿಂದ ಅವರ ಜನ್ಮದಿನವು ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವೆನಿಸಿದೆ. ಸಮಾಜವಿಜ್ಞಾನದ ವಿದ್ಯಾರ್ಥಿ ಪ್ರಶ್ನಾವಳಿ ಹಿಡಿದು ಹಳ್ಳಿಯ ಮನೆಯೊಂದರ ಬಾಗಿಲು ತಟ್ಟುವಾಗ ನೆನೆಯಬೇಕಾದ ಹೆಸರು ಇದು. ತನಗೆ ಬೇಕಾದ ಉತ್ತರವನ್ನಲ್ಲ, ಇರುವ ಉತ್ತರವನ್ನು ಬರೆದುಕೊಳ್ಳುವುದು, ತನ್ನ ಲೆಕ್ಕದ ತಪ್ಪನ್ನು ತಾನೇ ಮೊದಲು ಹುಡುಕುವುದು: ಇದೇ ಆ ಆಚಾರ್ಯರಿಗೆ ಸಲ್ಲುವ ನಿಜವಾದ ಗೌರವ.