ಮಕ್ಕಳ ಗುರು ಮೈಕೆಲ್ ಫ್ಯಾರಡೆ

1862ನೆಯ ಇಸವಿಯ ನವೆಂಬರ್ ತಿಂಗಳಲ್ಲಿ, 71 ವರ್ಷದ ವೃದ್ಧನೊಬ್ಬನು ಇಂಗ್ಲೆಂಡಿನ ಒಂದು ವಿಚಾರಣಾ ಮಂಡಲಿಯ ಮುಂದೆ ಸಾಕ್ಷ್ಯ ನುಡಿಯಲು ಬಂದನು. ಈಟನ್, ಹ್ಯಾರೋ, ವಿಂಚೆಸ್ಟರ್ ಮೊದಲಾದ 9 ಹೆಸರಾಂತ ಶಾಲೆಗಳ ವಿದ್ಯಾಭ್ಯಾಸಕ್ರಮವನ್ನು ಪರಿಶೀಲಿಸಲೆಂದು ಹಿಂದಿನ ವರ್ಷ ನೇಮಕವಾಗಿದ್ದ ಮಂಡಲಿ ಅದು. ಆ ಶಾಲೆಗಳಲ್ಲಿ ಹುಡುಗರ ಹೊತ್ತಿನ ಬಹುಭಾಗ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ಅಭ್ಯಾಸದಲ್ಲಿ ಕಳೆಯುತ್ತಿತ್ತು. ಕಲ್ಲು ಏಕೆ ಬೀಳುತ್ತದೆ, ದೀಪ ಹೇಗೆ ಉರಿಯುತ್ತದೆ ಎಂಬ ವಿಚಾರಗಳಿಗೆ ಪಾಠಪಟ್ಟಿಯಲ್ಲಿ ದೊರೆತ ಸ್ಥಳ ತೀರ ಅಲ್ಪ. ಪ್ರಕೃತಿವಿಜ್ಞಾನ ಎಳೆಯರ ಬುದ್ಧಿಗೆ ಎಟುಕುವ ವಿಷಯವೆ ಎಂಬುದು ಅಂದಿನ ವಿದ್ವಾಂಸರ ಸಂದೇಹ. ವೃದ್ಧನ ಉತ್ತರ ನಿಸ್ಸಂದಿಗ್ಧವಾಗಿತ್ತು. ಸರಳವಾಗಿ ತಿಳಿಸಿದರೆ ತಿಳಿಯಲಾರದ ಹುಡುಗನನ್ನು, ಪ್ರಯೋಗವನ್ನು ಕಂಡು ಹಿಗ್ಗದ ಹುಡುಗನನ್ನು ತಾನು ಒಮ್ಮೆಯೂ ಕಂಡಿಲ್ಲವೆಂದು ಅವನು ಹೇಳಿದನು.

ಹೀಗೆ ಹೇಳಿದ ಮೈಕೆಲ್ ಫ್ಯಾರಡೆ ಅಂತಹ ಶಾಲೆಗಳ ಹೊಸ್ತಿಲನ್ನು ವಿದ್ಯಾರ್ಥಿಯಾಗಿ ತುಳಿದವನೇ ಅಲ್ಲ.

ಅವನು ಹುಟ್ಟಿದುದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿಗೆ ಸೇರಿದಂತಿದ್ದ ನ್ಯೂಯಿಂಗ್ಟನ್‌ನಲ್ಲಿ. ತಂದೆ ಕಮ್ಮಾರ; ಕುಲುಮೆಯ ಕೆಲಸಕ್ಕೆ ಬೇಕಾದ ದೇಹಬಲ ಅವನಿಗೆ ಬಹುಕಾಲ ಉಳಿಯಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಹುಡುಗನ ಪಾಲಿಗೆ ಬಂದುದು ವಾರಕ್ಕೆ ಒಂದು ರೊಟ್ಟಿ. ಓದು, ಬರಹ, ಒಂದಿಷ್ಟು ಲೆಕ್ಕ, ಇಷ್ಟಕ್ಕೆ ಶಾಲೆಯ ಋಣ ತೀರಿತು. ಹುಡುಗನಿಗೆ ರಕಾರ ಸರಿಯಾಗಿ ಹೊರಡುತ್ತಿರಲಿಲ್ಲವೆಂದೂ, ಅದಕ್ಕಾಗಿ ಅವನನ್ನು ಹೊಡೆಯಲು ಉಪಾಧ್ಯಾಯಿನಿ ಅವನ ಅಣ್ಣನ ಕೈಯಿಂದಲೇ ಬೆತ್ತ ತರಿಸಹೊರಟಳೆಂದೂ, ಸುದ್ದಿ ತಿಳಿದ ತಾಯಿ ಮಕ್ಕಳಿಬ್ಬರನ್ನೂ ಶಾಲೆಯಿಂದ ಬಿಡಿಸಿದಳೆಂದೂ ಒಂದು ಕಥೆಯುಂಟು. ಮುಂದೆ ಯುರೋಪಿನಲ್ಲೆಲ್ಲ ಹೆಸರು ಪಡೆಯಲಿದ್ದ ಉಪನ್ಯಾಸಕನ ನಾಲಗೆ ಹೀಗೆ ತೊಡಕಿನಲ್ಲಿ ಮೊದಲಾಯಿತು.

13ನೆಯ ವಯಸ್ಸಿನಲ್ಲಿ ಅವನು ರೀಬೋ ಎಂಬ ಪುಸ್ತಕದ ವ್ಯಾಪಾರಿಯ ಅಂಗಡಿಯಲ್ಲಿ ಓಡಾಟದ ಕೆಲಸಕ್ಕೆ ಸೇರಿದನು; ಮರುವರ್ಷ ಅಲ್ಲಿಯೇ ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬನ್ನು ಕಲಿಯಲು 7 ವರ್ಷಗಳ ಕರಾರಿಗೆ ಒಳಗಾದನು. ಕೈ ಹೊಲಿಗೆ ಹಾಕುತ್ತಿದ್ದ ಪುಸ್ತಕವನ್ನು ಕಣ್ಣು ಓದುತ್ತಿತ್ತು. ವಿಶ್ವಕೋಶವೊಂದರಲ್ಲಿ ವಿದ್ಯುತ್ತನ್ನು ಕುರಿತ ಲೇಖನ ಅವನ ಕೈಗೆ ಬಿದ್ದಿತು. ಜೇನ್ ಮಾರ್ಸೆಟ್ ಎಂಬಾಕೆ ರಸಾಯನಶಾಸ್ತ್ರವನ್ನು ಒಬ್ಬ ಗುರುವಿಗೂ ಇಬ್ಬರು ಬಾಲೆಯರಿಗೂ ನಡೆದ ಸಂಭಾಷಣೆಯ ರೂಪದಲ್ಲಿ ಬರೆದಿದ್ದ ಪುಸ್ತಕವೂ ಬಿದ್ದಿತು. ಓದಿದುದನ್ನು ಕೈಯಾರೆ ಮಾಡಿ ನೋಡದ ಹೊರತು ಅವನಿಗೆ ಸಮಾಧಾನವಿಲ್ಲ. ಉಳಿಸಿದ ಕಾಸಿನಲ್ಲಿ ಸಾಮಗ್ರಿ ತಂದು, ಪುಸ್ತಕದ ಮಾತು ನಿಜವೆ ಎಂದು ಪರೀಕ್ಷಿಸಿದನು. ನಿಜವೆಂದು ಕಂಡಾಗಲೇ ಅದು ತನ್ನದಾಯಿತೆಂದು ಭಾವಿಸಿದನು. ಮುಂದೆ ಅವನು ಕಲಿಸಿದ ಬಗೆಯೆಲ್ಲ ಹೀಗೆ ತಾನು ಕಲಿತ ಬಗೆಯಿಂದಲೇ ಹುಟ್ಟಿತು. ಆ ಗ್ರಂಥಕರ್ತ್ರಿಯನ್ನು ಅವನು ಜೀವಮಾನವೆಲ್ಲ ಗುರುವೆಂದು ನೆನೆದನು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನ ಕೃಪೆಯಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯ 4 ಉಪನ್ಯಾಸಗಳನ್ನು ಕೇಳುವ ಭಾಗ್ಯ ಒದಗಿತು. ಕೇಳಿದುದನ್ನೆಲ್ಲ ಚಿತ್ರಸಹಿತ ಬರೆದು, ತಾನೇ ರಟ್ಟು ಕಟ್ಟಿ, ಆ ಸಂಪುಟವನ್ನು ಡೇವಿಗೆ ಕಳುಹಿಸಿದನು. ಮರುವರ್ಷ ಮಾರ್ಚಿಯಲ್ಲಿ ಪ್ರಯೋಗಶಾಲೆಯ ಸಹಾಯಕನ ಕೆಲಸ ದೊರೆಯಿತು. ವಾರಕ್ಕೆ 25 ಷಿಲ್ಲಿಂಗ್ ಸಂಬಳ, ಮಹಡಿಯ ಮೇಲೆ 2 ಕೋಣೆ, ಚಳಿಗೆ ಕಲ್ಲಿದ್ದಲು, ಇರುಳಿಗೆ ಮೇಣದ ಬತ್ತಿ. ಸಂಬಳದ ಭಾಗವಾಗಿ ಬಂದ ಆ ಮೇಣದ ಬತ್ತಿಯೇ ಮುಂದೊಂದು ದಿನ ಅವನ ಪ್ರಸಿದ್ಧ ಪಾಠಕ್ಕೆ ವಸ್ತುವಾಯಿತು.

ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದ್ದಾಗ ಅವನು ಗೆಳೆಯ ಬೆಂಜಮಿನ್ ಅಬಟ್‌ನಿಗೆ ಬರೆದ ಪತ್ರಗಳು ಕುತೂಹಲಕರವಾಗಿವೆ. ಉಪನ್ಯಾಸಕರಿಗೆ ಉಪಕರಣಗಳನ್ನು ಒದಗಿಸುತ್ತ ಪಕ್ಕದಲ್ಲಿ ನಿಂತ ತರುಣ, ಪಾಠ ಹೇಳುವ ಕಲೆಯನ್ನೇ ಪರೀಕ್ಷೆಗೆ ಒಡ್ಡಿದ್ದನು. ಸಭಾಂಗಣ ಹೇಗಿರಬೇಕು, ಗಾಳಿ ಹೇಗೆ ಆಡಬೇಕು, ಉಪಕರಣ ಎಲ್ಲರಿಗೂ ಹೇಗೆ ಕಾಣಬೇಕು, ಮಾತಿನ ವೇಗವೆಷ್ಟು ಎಂಬುದನ್ನೆಲ್ಲ ವಿವೇಚಿಸಿ, ಉಪನ್ಯಾಸ ಒಂದು ಗಂಟೆಯನ್ನು ಮೀರಕೂಡದೆಂದು ತೀರ್ಮಾನಿಸಿದನು. ಆಗ ಅವನ ವಯಸ್ಸು 21. ಸ್ವತಃ ಉಪನ್ಯಾಸಕನಾಗಲು ಇನ್ನೂ ವರ್ಷಗಳಿದ್ದುವು. ಕಾಲ ಬಂದಾಗ ಹಣ ಕೊಟ್ಟು ವಾಗ್ವಿದ್ಯೆಯ ಗುರುವಿನಿಂದ ಪಾಠ ಹೇಳಿಸಿಕೊಂಡನು. ಮಾತು ಓಡತೊಡಗಿದರೆ ನಿಧಾನವೆಂದು ಎಚ್ಚರಿಸುವ ಚೀಟಿಯೊಂದನ್ನು ಸಹಾಯಕನು ಮುಂದಿಡುವಂತೆ ಏರ್ಪಾಡು ಮಾಡಿಕೊಂಡನು. ತೊದಲುತ್ತಿದ್ದ ಹುಡುಗನ ವಾಕ್ಸಿದ್ಧಿ ವರವಾಗಿ ಬಂದುದಲ್ಲ, ದುಡಿದು ಗಳಿಸಿದುದು.

1821ರಲ್ಲಿ ವಿದ್ಯುತ್ತು ಹರಿಯುವ ತಂತಿ, ಪಾದರಸದಲ್ಲಿ ನಿಲ್ಲಿಸಿದ ಸೂಜಿಗಲ್ಲಿನ ಸುತ್ತ ತಿರುಗುವುದನ್ನು ಅವನು ತೋರಿಸಿದನು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯ ಒಂದು ಪಕ್ಕದ ಸುರುಳಿಯಲ್ಲಿ ವಿದ್ಯುತ್ತನ್ನು ಹರಿಸಿದಾಗಲೂ ತಡೆದಾಗಲೂ ಇನ್ನೊಂದು ಪಕ್ಕದ ಸುರುಳಿಯಲ್ಲಿ ಅದು ಕ್ಷಣಕಾಲ ಮಿಡಿಯುವುದನ್ನು ಕಂಡನು. ಇಂದಿನ ವಿದ್ಯುದಾಗಾರಗಳ ಜನಕಯಂತ್ರಗಳಿಗೆಲ್ಲ ಈ ತತ್ತ್ವವೇ ತಾಯಿಬೇರು. ಇದನ್ನೆಲ್ಲ ಸಾಧಿಸಿದವನಿಗೆ ಉನ್ನತ ಗಣಿತ ಬಾರದು. ಸಮೀಕರಣದ ಆಸರೆಯಿಲ್ಲದ ಅವನು ಕಣ್ಣಿನ ಆಸರೆಯನ್ನು ಹಿಡಿದನು. ಸೂಜಿಗಲ್ಲಿನ ಮೇಲೆ ಕಾಗದವಿಟ್ಟು ಕಬ್ಬಿಣದ ಪುಡಿಯನ್ನು ಉದುರಿಸಿದರೆ ಮೂಡುವ ಬಾಗುಗೆರೆಗಳಲ್ಲಿ, ಬರಿದೆನಿಸಿದ ಆಕಾಶವನ್ನು ತುಂಬಿರುವ ಬಲರೇಖೆಗಳನ್ನು ಕಂಡನು. ದೂರದ ವಸ್ತುಗಳೆರಡು ನಡುವೆ ಏನೂ ಇಲ್ಲದೆ ಒಂದನ್ನೊಂದು ಸೆಳೆಯುತ್ತವೆ ಎಂದು ಗಣಿತಜ್ಞರು ತೃಪ್ತರಾಗಿದ್ದ ಕಡೆ, ಆ ನಡುವಣ ಜಾಗದಲ್ಲಿ ಏನು ನಡೆಯುತ್ತಿದೆ ಎಂದು ಅವನು ಕೇಳಿದನು.

ಭಾಷೆಯ ಉಪಾಧ್ಯಾಯನಾದ ನನಗೆ ಅವನ ಇನ್ನೊಂದು ಎಚ್ಚರ ಮೆಚ್ಚಿಕೆಯಾಗಿದೆ. ದ್ರವದೊಳಕ್ಕೆ ವಿದ್ಯುತ್ತು ಹೊಗುವ ಮತ್ತು ಹೊರಡುವ ಎಡೆಗಳನ್ನು ಆ ಕಾಲದವರು ಧ್ರುವಗಳೆಂದು ಕರೆಯುತ್ತಿದ್ದರು. ಆ ಹೆಸರು ಕೇಳಿದೊಡನೆ ಅವು ಸೂಜಿಗಲ್ಲಿನ ತುದಿಗಳಂತೆ ಸೆಳೆಯುತ್ತವೆಂಬ ಭಾವನೆ ಮನಸ್ಸಿಗೆ ಬರುವುದು. ಅವು ಕೇವಲ ಬಾಗಿಲುಗಳೆಂಬುದು ಫ್ಯಾರಡೆಯ ಅಭಿಪ್ರಾಯ. ತಪ್ಪು ಶಬ್ದ ತಪ್ಪು ತಿಳಿವಳಿಕೆಯನ್ನು ಬೆಳೆಸುತ್ತದೆಂದು ಅರಿತು, 1834ರಲ್ಲಿ ಕೇಂಬ್ರಿಜ್ಜಿನ ವಿದ್ವಾಂಸ ವಿಲಿಯಂ ಹ್ಯೂಯೆಲ್‌ನ ನೆರವು ಬೇಡಿದನು. ಆನೋಡ್, ಕ್ಯಾಥೋಡ್, ಅಯಾನ್ ಎಂದು ನಮ್ಮ ಮಕ್ಕಳು ಇಂದು ಬಾಯಿಪಾಠ ಮಾಡುವ ಶಬ್ದಗಳು ಆ ಪತ್ರವ್ಯವಹಾರದ ಫಲ.

ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ರಜೆಯ ದಿನಗಳಲ್ಲಿ ಎಳೆಯರಿಗಾಗಿ ಉಪನ್ಯಾಸಗಳನ್ನು ನಡೆಸುವ ಪದ್ಧತಿ 1825ರಲ್ಲಿ ಮೊದಲಾಯಿತು. 1827ರಿಂದ 1860ರವರೆಗೆ ಫ್ಯಾರಡೆ 19 ವರ್ಷಗಳ ಮಾಲೆಗಳನ್ನು ತಾನೇ ನಡೆಸಿದನು. ಮಕ್ಕಳಿಲ್ಲದ ಅವನಿಗೆ ಆ ದಿನಗಳು ಹಬ್ಬವಾಗಿದ್ದುವು. ಏನನ್ನೂ ಕೇಳುವವರಿಗೆ ತಿಳಿದಿದೆಯೆಂದು ಭಾವಿಸಕೂಡದು, ಕಿವಿಗೆ ಹೇಳಿದುದನ್ನು ಕಣ್ಣಿಗೂ ತೋರಬೇಕು, ಇದು ಅವನ ನಿಯಮ. ಕೈ ಬಿಟ್ಟರೆ ಕಲ್ಲು ಬೀಳುತ್ತದೆಂದು ಹೇಳಬೇಕಾಗಿ ಬಂದರೂ ಅವನು ಕಲ್ಲನ್ನು ಹಿಡಿದು, ಕೈ ಬಿಟ್ಟು, ಬೀಳಿಸಿಯೇ ತೋರಬೇಕೆನ್ನುವನು. ಬಲವಾದ ವಿದ್ಯುತ್ಕಾಂತವೊಂದಕ್ಕೆ ಒಲೆಯ ಸಲಾಕೆ, ಇಕ್ಕುಳ, ಇದ್ದಲು ತುಂಬಿದ ತೊಟ್ಟಿ ಇವನ್ನೆಲ್ಲ ಎಸೆದು, ಅವು ಅಂಟಿ ನಿಂತುದನ್ನು ಕಂಡು ಸಭೆ ನಕ್ಕುದನ್ನು ಕೇಳುಗರು ಬರೆದಿಟ್ಟಿದ್ದಾರೆ. 1836ರಲ್ಲಿ ಲೋಹದ ಹೊದಿಕೆಯ, 12 ಅಡಿ ಚೌಕದ ಗೂಡೊಂದನ್ನು ಕಟ್ಟಿಸಿ, ಹೊರಮೈಯಲ್ಲಿ ಕಿಡಿಗಳು ಸಿಡಿಯುತ್ತಿರುವಾಗ ತಾನು ಒಳಗೆ ನಿರಾತಂಕವಾಗಿದ್ದನು.

1859ರ ಕ್ರಿಸ್‌ಮಸ್ಸಿಗೆ ಅವನು ಆರಿಸಿಕೊಂಡುದು ದ್ರವ್ಯದ ಬಲಗಳನ್ನು: ಗುರುತ್ವ, ಅಂಟುಬಲ, ಶಾಖ, ಕಾಂತತ್ವ, ವಿದ್ಯುತ್ತು, ಇವುಗಳ ಪರಸ್ಪರ ಸಂಬಂಧ. ಇಂದು ಕಾಲೇಜಿನ ಮೊದಲ ವರ್ಷಗಳಲ್ಲಿ ಬರುವ ವಿಷಯವನ್ನು ಹತ್ತು ಹನ್ನೆರಡು ವರ್ಷದವರ ಮುಂದೆ ಇಟ್ಟನು. ಮರುವರ್ಷ ಒಂದು ಮೇಣದ ಬತ್ತಿಯನ್ನು ಹಚ್ಚಿ 6 ಉಪನ್ಯಾಸಗಳನ್ನು ನೀಡಿದನು. ಕರಗಿದ ಮೇಣ ಬತ್ತಿಯ ಎಳೆಗಳಲ್ಲಿ ಏರುವುದೇಕೆ, ಉರಿಯುವುದು ಮೇಣವೋ ಅದರ ಆವಿಯೋ, ಉರಿಯಿಂದ ನೀರು ಹುಟ್ಟುವುದು ಹೇಗೆ ಎಂದು ಒಂದೊಂದೇ ಪ್ರಶ್ನೆಯನ್ನು ಪ್ರಯೋಗದಿಂದ ಬಿಡಿಸುತ್ತ, ಕೊನೆಗೆ ನಮ್ಮ ಉಸಿರಾಟವೂ ಒಂದು ಬಗೆಯ ಉರಿಯೇ ಎಂಬಲ್ಲಿಗೆ ಮಕ್ಕಳನ್ನು ಕರೆದೊಯ್ದನು.

ಆ ವೇಳೆಗೆ ಅವನ ನೆನಪಿನ ದೀಪ ಮಂಕಾಗುತ್ತಿತ್ತು. 1840ರ ಸುಮಾರಿನಲ್ಲಿಯೇ ಆರೋಗ್ಯ ಕೆಟ್ಟು ಕೆಲಕಾಲ ಕೆಲಸ ಬಿಡಬೇಕಾಯಿತು. ಮರೆವು ಆಮೇಲೆ ಅವನ ಬೆನ್ನು ಬಿಡಲಿಲ್ಲ. ಮಾಡಿದ ಪ್ರಯೋಗಗಳನ್ನು ಅಂಕಿಯಿಟ್ಟು ದಿನಚರಿಯಲ್ಲಿ ಬರೆಯುವ ಅಭ್ಯಾಸ ಅವನಿಗಿತ್ತು; ಆ ಅಂಕಿ 16,041ಕ್ಕೆ ನಿಂತಿತು. ರಾಯಲ್ ಸೊಸೈಟಿಯ ಅಧ್ಯಕ್ಷಪದವಿ ತಾನಾಗಿ ಬಂದಾಗ ಬೇಡವೆಂದನು. 1861ರಲ್ಲಿ, ಮಕ್ಕಳ ಉಪನ್ಯಾಸ ಇನ್ನು ತನ್ನಿಂದಾಗದೆಂದು ಸಂಸ್ಥೆಗೆ ಬರೆದುಕೊಟ್ಟನು. ವಿಚಾರಣಾ ಮಂಡಲಿಯ ಮುಂದೆ ಮಕ್ಕಳ ಪರವಾಗಿ ನುಡಿದುದು ಅದರ ಮರುವರ್ಷ.

ಅವನ ಮಾರ್ಗವೊಂದೇ ಸಾಕೆಂದು ಹೇಳಿದರೆ ಅನ್ಯಾಯವಾದೀತು. ಬಲರೇಖೆಗಳಿಗೆ ಗಣಿತದ ಮೈ ಕೊಡಲು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್‌ನೇ ಬರಬೇಕಾಯಿತು. ಆ ತರುಣನ ಲೇಖನವನ್ನು ಕಂಡು ಫ್ಯಾರಡೆ ಮೊದಲು ಬೆದರಿದನು, ಅನಂತರ ಬೆರಗಾದನು. ತನ್ನ ಚಿತ್ರ ಅಷ್ಟು ಗಣಿತವನ್ನು ತಾಳಿಕೊಂಡಿತಲ್ಲ ಎಂಬುದು ಅವನ ಸಂತೋಷ. 1857ರಲ್ಲಿಯೇ ಮ್ಯಾಕ್ಸ್‌ವೆಲ್‌ನಿಗೆ ಬರೆದು, ಗಣಿತಜ್ಞರು ತಮ್ಮ ಫಲಿತಾಂಶಗಳನ್ನು ಎಲ್ಲರ ಮಾತಿನಲ್ಲಿಯೂ ತಿಳಿಸಲಾಗದೆ ಎಂದು ವಿನಯದಿಂದ ಕೇಳಿದನು. ಗಣಿತವನ್ನು ಅವನು ಹಳಿಯಲಿಲ್ಲ; ಅರ್ಥವಾದ ಮೇಲೆ ಅದು ಮಾತಿಗೂ ಬರಬೇಕೆಂದು ಬಯಸಿದನು.

ಮಂಡಲಿಯ ವರದಿ 1864ರಲ್ಲಿ ಹೊರಬಂದು, ಶಾಲೆಗಳಲ್ಲಿ ಪ್ರಕೃತಿವಿಜ್ಞಾನಕ್ಕೂ ಸ್ಥಳವಿರಬೇಕೆಂದು ಸಲಹೆ ಮಾಡಿತು. ಫ್ಯಾರಡೆ 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡನು.

ವಿಜ್ಞಾನಕ್ಕೆ ಈಗ ಎಲ್ಲ ಶಾಲೆಗಳಲ್ಲಿಯೂ ಸ್ಥಳವುಂಟು. ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿ ಸೂಜಿಗಲ್ಲಿನ ಸುತ್ತಣ ಬಲರೇಖೆಗಳನ್ನು ಅಂದವಾಗಿ ಬರೆದು, ಬಾಣದ ಗುರುತಿಟ್ಟು, ಪರೀಕ್ಷೆಯಲ್ಲಿ ಅಂಕ ಪಡೆಯುತ್ತಾನೆ. ಆ ಚಿತ್ರ ಮೊದಲು ಮೂಡಿದುದು ಪುಸ್ತಕದಲ್ಲಲ್ಲ, ಕಾಗದದ ಮೇಲೆ ಉದುರಿದ ಕಬ್ಬಿಣದ ಪುಡಿಯಲ್ಲಿ. ಒಂದು ಸೂಜಿಗಲ್ಲು, ಒಂದು ಹಾಳೆ, ಒಂದು ಚಿಟಿಕೆ ಪುಡಿ, ಇಷ್ಟಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ. ಹಾಳೆಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿ, ಗೆರೆಗಳು ತಾವಾಗಿ ಏಳುವುದನ್ನು ಆ ವಿದ್ಯಾರ್ಥಿ ಒಮ್ಮೆಯಾದರೂ ಕಂಡಿದ್ದಾನೆಯೆ? ಕಮ್ಮಾರನ ಮಗ ನಮ್ಮನ್ನು ಕೇಳಬಹುದಾದ ಪ್ರಶ್ನೆ ಅದೊಂದೇ.